ಸಾಲ್ವರ್‌ನಿಂದ ತೆರೆಯವರೆಗೆ: ಸಿಮ್ಯುಲೇಶನ್ ಫಲಿತಾಂಶಗಳನ್ನು ದೃಶ್ಯೀಕರಣ ತಂತ್ರಾಂಶಕ್ಕೆ ತರುವಾಗ ಏನಾಗುತ್ತದೆ

ಒಂದು ಮೀಟರ್ ಉದ್ದದ, 50 ಮಿಲಿಮೀಟರ್ ಅಗಲ ಮತ್ತು ಅಷ್ಟೇ ಎತ್ತರದ ಉಕ್ಕಿನ ತೊಲೆಯೊಂದರ ಒಂದು ಕೊನೆಯನ್ನು ಗೋಡೆಯಲ್ಲಿ ಭದ್ರವಾಗಿ ಹುಗಿದು, ಇನ್ನೊಂದು ಕೊನೆಗೆ 1,000 ನ್ಯೂಟನ್ ಭಾರವನ್ನು ತೂಗುಹಾಕಿದರೆ, ಆ ಕೊನೆ 3.2 ಮಿಲಿಮೀಟರ್ ಕೆಳಕ್ಕೆ ಬಾಗುತ್ತದೆ. ತೊಲೆಯ ಸ್ವಂತ ತೂಕವನ್ನು ಬಿಟ್ಟು, ಉಕ್ಕಿನ ಯಂಗ್ ಗುಣಾಂಕವನ್ನು (ವಸ್ತುವಿನ ಬಿಗಿತದ ಅಳತೆ) 200 ಗಿಗಾಪಾಸ್ಕಲ್ ಎಂದು ಹಿಡಿದರೆ, ಎಂಜಿನಿಯರಿಂಗ್ ಓದುವವರೆಲ್ಲ ಮೊದಲ ವರ್ಷಗಳಲ್ಲೇ ಕಲಿಯುವ ತೊಲೆಯ ಸೂತ್ರದಿಂದ ಈ ಸಂಖ್ಯೆಯನ್ನು ಕಾಗದದ ಮೇಲೆಯೇ ಪಡೆಯಬಹುದು. ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿ, ಅಂದರೆ ತೊಲೆಯ ನಟ್ಟನಡುವೆ, ಮೇಲ್ಮೈಯಲ್ಲಿರುವ ಬಾಗುವಿಕೆಯ ಸ್ಟ್ರೆಸ್ (ವಸ್ತುವಿನೊಳಗೆ ಪ್ರತಿ ಚದರ ಅಳತೆಗೆ ಹುಟ್ಟುವ ಬಲ) 24 ಮೆಗಾಪಾಸ್ಕಲ್. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಲೇಖನದುದ್ದಕ್ಕೂ ಇವು ನಮಗೆ ಅಳತೆಗೋಲಾಗುತ್ತವೆ.

ಇದೇ ತೊಲೆಯನ್ನು ಕ್ಯಾಲ್ಕ್ಯುಲಿಕ್ಸ್‌ನಂಥ ಒಂದು ಸಾಲ್ವರ್‌ನಲ್ಲಿ, ಅಂದರೆ ಭೌತಿಕ ಸಮೀಕರಣಗಳನ್ನು ಬಿಡಿಸುವ ತಂತ್ರಾಂಶದಲ್ಲಿ, ಲೆಕ್ಕಹಾಕಿ, ಅದರ ಫಲಿತಾಂಶವನ್ನು ಪ್ಯಾರಾವ್ಯೂನಂಥ ಇನ್ನೊಂದು, ಚಿತ್ರ ಬಿಡಿಸಿ ತೋರಿಸುವ ತಂತ್ರಾಂಶದಲ್ಲಿ ತೆರೆದೆವು ಎಂದುಕೊಳ್ಳೋಣ. ತೆರೆಯ ಮೇಲೆ ಬಾಗಿದ ತೊಲೆ ಕಾಣುತ್ತದೆ, ಗೋಡೆಯ ಬಳಿ ಕೆಂಪು, ತುದಿಯಲ್ಲಿ ನೀಲಿ. ಚಿತ್ರ ನಾವು ನಿರೀಕ್ಷಿಸಿದಂತೆಯೇ ಇದೆ. ಆದರೆ ತುದಿ ಬಾಗಿದ್ದು 3.2 ಮಿಲಿಮೀಟರೋ 6.4 ಮಿಲಿಮೀಟರೋ, ಕೆಂಪು ಬಣ್ಣ ಸೂಚಿಸುವ ಸ್ಟ್ರೆಸ್ ನಿಜವಾದದ್ದೋ ಪಕ್ಕದ ಎಲಿಮೆಂಟ್‌ಗಳೊಡನೆ (ಲೆಕ್ಕಕ್ಕಾಗಿ ತೊಲೆಯನ್ನು ಒಡೆದ ಸಣ್ಣ ತುಂಡುಗಳೊಡನೆ) ಸರಾಸರಿಗೊಂಡದ್ದೋ, ಅದು ಯಾವ ದಿಕ್ಕಿನ ಸ್ಟ್ರೆಸ್ ಎಂಬುದಾದರೂ ಸರಿಯಾಗಿ ದಾಟಿ ಬಂದಿದೆಯೋ ಎಂಬ ಪ್ರಶ್ನೆಗಳಿಗೆ ಆ ಚಿತ್ರ ಉತ್ತರ ಕೊಡುವುದಿಲ್ಲ. ಫೈಲ್ ತೆರೆದುಕೊಂಡಿತು ಎಂಬುದೇ ಆಮದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ತೆರೆದುಕೊಳ್ಳದ ಫೈಲ್ ನಮ್ಮ ಅರ್ಧ ದಿನವನ್ನು ತಿನ್ನಬಹುದು, ಆದರೆ ಅದು ಯಾರಿಗೂ ಸುಳ್ಳು ಹೇಳುವುದಿಲ್ಲ. ತಪ್ಪು ಅರ್ಥದಲ್ಲಿ ತೆರೆದುಕೊಂಡ ಫೈಲ್ ಮಾತ್ರ ವರದಿಯೊಳಗೆ ಸೇರಿ, ಸಭೆಯಲ್ಲಿ ಎಲ್ಲರ ಮೆಚ್ಚುಗೆ ಪಡೆದು, ವಿನ್ಯಾಸದ ನಿರ್ಧಾರವಾಗಿಬಿಡುತ್ತದೆ.

ಫೈಲ್‌ನಲ್ಲಿ ಇರುವುದು, ಇಲ್ಲದಿರುವುದು

ಸಾಲ್ವರ್ ಯಾವುದೇ ಇರಲಿ, ಅದರ ಫಲಿತಾಂಶದಲ್ಲಿ ಮೂಲತಃ ಮೂರು ಪದರಗಳಿರುತ್ತವೆ. ಮೊದಲನೆಯದು ಬಿಂದುಗಳ ಪಟ್ಟಿ, ಅಂದರೆ ಪ್ರತಿ ನೋಡ್‌ನ ಎಕ್ಸ್, ವೈ, ಝಡ್ ನಿರ್ದೇಶಾಂಕಗಳು. ಎರಡನೆಯದು ಆ ಬಿಂದುಗಳನ್ನು ಯಾವ ಕ್ರಮದಲ್ಲಿ ಸೇರಿಸಿದರೆ ಒಂದೊಂದು ಎಲಿಮೆಂಟ್ ಆಗುತ್ತದೆ ಎಂಬ ಜೋಡಣೆಯ ಪಟ್ಟಿ. ಮೂರನೆಯದು ಆ ಬಿಂದುಗಳಿಗೆ ಅಥವಾ ಎಲಿಮೆಂಟ್‌ಗಳಿಗೆ ಅಂಟಿಕೊಂಡ ಬೆಲೆಗಳು: ತಾಪಮಾನ, ಒತ್ತಡ, ವೇಗ, ಸ್ಥಾನಪಲ್ಲಟ, ಸ್ಟ್ರೆಸ್. ಕಾಲದೊಂದಿಗೆ ಬದಲಾಗುವ ಲೆಕ್ಕವಾದರೆ ಈ ಮೂರನೆಯ ಪದರ ಪ್ರತಿ ಕಾಲಹಂತಕ್ಕೂ ಮತ್ತೆ ಮತ್ತೆ ಬರುತ್ತದೆ.

ಇಷ್ಟೂ ಕಡತದಲ್ಲಿ ಬರೆದಿರುತ್ತದೆ. ಬರೆದಿರದ ಸಂಗತಿಗಳು ಬೇರೆಯೇ ಇವೆ. ನಮ್ಮ ಪಹಣಿಯಲ್ಲಿ ವಿಸ್ತೀರ್ಣದ ಕಲಂನಲ್ಲಿ 2-10 ಎಂದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ ಎಂದು ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 2.25 ಎಕರೆ. ಅದೇ ಸಂಖ್ಯೆಯನ್ನು ಈ ರೂಢಿ ಗೊತ್ತಿಲ್ಲದವರು ದಶಾಂಶ ಎಂದು ಓದಿ 2.10 ಎಕರೆ ಎಂದು ಲೆಕ್ಕಕ್ಕೆ ಹಾಕಿಕೊಂಡರೆ, ಅಂಕಿಗಳಲ್ಲಿ ಒಂದೂ ತಪ್ಪಿಲ್ಲದೆ ಆರು ಗುಂಟೆ ಭೂಮಿ ಮಾಯವಾಗುತ್ತದೆ. ಸಿಮ್ಯುಲೇಶನ್ ಫೈಲ್‌ಗಳ ಸ್ಥಿತಿಯೂ ಹೀಗೆಯೇ. ಸಂಖ್ಯೆಗಳು ಫೈಲ್‌ನೊಂದಿಗೆ ಪ್ರಯಾಣ ಮಾಡುತ್ತವೆ; ರೂಢಿಗಳು ಸಾಲ್ವರ್‌ನ ಕೈಪಿಡಿಯಲ್ಲಿ, ಅದನ್ನು ಬಳಸುವವರ ತಲೆಯಲ್ಲಿ ಉಳಿದುಬಿಡುತ್ತವೆ. ಆಮದು ಎಂದರೆ ಆ ರೂಢಿಗಳನ್ನೂ ಕೈಹಿಡಿದು ದಾಟಿಸುವ ಕೆಲಸ.

ದಾಟಿಸುವ ದಾರಿಗಳು

ಪ್ಯಾರಾವ್ಯೂ ಬೆಳೆದದ್ದು ವಿಟಿಕೆ ಎಂಬ ದೃಶ್ಯೀಕರಣ ಗ್ರಂಥಾಲಯದ ಮೇಲೆ. ವಿಲ್ ಶ್ರೋಡರ್, ಕೆನ್ ಮಾರ್ಟಿನ್ ಮತ್ತು ಬಿಲ್ ಲೊರೆನ್ಸನ್ ಎಂಬ ಮೂವರು 1993ರಲ್ಲಿ ಆ ಗ್ರಂಥಾಲಯದ ಕೆಲಸ ಆರಂಭಿಸಿದರು. 2000ದಲ್ಲಿ ಕಿಟ್‌ವೇರ್ ಸಂಸ್ಥೆ ಮತ್ತು ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ ಸೇರಿ ಪ್ಯಾರಾವ್ಯೂ ಯೋಜನೆಯನ್ನು ಕೈಗೆತ್ತಿಕೊಂಡು, 2002ರಲ್ಲಿ ಅದರ ಮೊದಲ ಸಾರ್ವಜನಿಕ ಆವೃತ್ತಿಯನ್ನು ಹೊರತಂದವು. ಹೊರಗಿನ ಸಾಲ್ವರ್‌ಗಳ ಫಲಿತಾಂಶವನ್ನು ಓದುವುದಕ್ಕಾಗಿಯೇ ಅದರೊಳಗೆ ಹತ್ತಾರು ರೀಡರ್‌ಗಳಿವೆ. ಹರಿವಿನ ಸಾಲ್ವರ್ ಆದ ಓಪನ್‌ಫೋಮ್‌ನ ಕೇಸ್ ಫೋಲ್ಡರ್, ಎನ್‌ಸೈಟ್, ಸ್ಯಾಂಡಿಯಾ ಪ್ರಯೋಗಾಲಯದ ಎಕ್ಸೋಡಸ್, ಬೋಯಿಂಗ್ ಮತ್ತು ನಾಸಾ 1994ರಲ್ಲಿ ಜೊತೆಗೂಡಿ ಆರಂಭಿಸಿದ ಸಿಜಿಎನ್‌ಎಸ್, ಎಲ್‌ಎಸ್-ಡೈನಾದ ಫಲಿತಾಂಶ ಕಡತ, ಇವೆಲ್ಲವನ್ನೂ ಅದು ನೇರವಾಗಿ ಓದಬಲ್ಲದು.

ನೇರ ರೀಡರ್ ಇದ್ದರೆ ಅದನ್ನೇ ಬಳಸುವುದು ಉತ್ತಮ. ಇಲ್ಲದಿದ್ದರೆ ಸಾಲ್ವರ್‌ನಿಂದಲೇ ಎನ್‌ಸೈಟ್ ಅಥವಾ ಸಿಜಿಎನ್‌ಎಸ್‌ನಂಥ ಮಧ್ಯವರ್ತಿ ರೂಪಕ್ಕೆ ರಫ್ತು ಮಾಡಿಸಬೇಕು. ಅದೂ ಆಗದಿದ್ದರೆ ಪೈಥಾನ್‌ನಲ್ಲಿ ನಾವೇ ಒಂದು ಪರಿವರ್ತಕವನ್ನು ಬರೆದು ವಿಟಿಕೆ ಫೈಲ್‌ಗಳನ್ನು ತಯಾರಿಸಬೇಕು. ಮೂರನೆಯ ದಾರಿ ಕಷ್ಟದ್ದು ಎಂದು ಹೆದರುವವರಿಗೆ ಒಂದು ಮಾತು: ಅದರಲ್ಲಿ ಮಾತ್ರ ಪ್ರತಿಯೊಂದು ರೂಢಿಯನ್ನೂ ನಾವೇ ಕಣ್ಣಾರೆ ಕಂಡು ನಿರ್ಧರಿಸುತ್ತೇವೆ, ಹಾಗಾಗಿ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ತಪ್ಪಿಸಬೇಕಾದ ದಾರಿಯೂ ಒಂದಿದೆ. ತ್ರೀಡಿ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ರೂಪಕ್ಕೆ ಫಲಿತಾಂಶವನ್ನು ರಫ್ತು ಮಾಡಿದರೆ ಹೊರಮೈಯ ತ್ರಿಕೋನಗಳಷ್ಟೇ ಉಳಿಯುತ್ತವೆ. ಒಳಗಿನ ಎಲಿಮೆಂಟ್‌ಗಳೂ ಹೋಗುತ್ತವೆ, ಬೆಲೆಗಳೂ ಹೋಗುತ್ತವೆ. ಬ್ಲೆಂಡರ್‌ನಲ್ಲಿ ಅಂದವಾದ ಚಿತ್ರ ಮಾಡಲೆಂದು ಪಿಎಲ್‌ವೈ ರೂಪದಲ್ಲಿ ಬಣ್ಣಗಳನ್ನು ಸಾಗಿಸುವವರಿದ್ದಾರೆ. ಆ ಕೆಲಸಕ್ಕೆ ಅದು ಸರಿಯೇ, ಆದರೆ ಅಲ್ಲಿಗೆ ತಲುಪುವುದು ಬಣ್ಣವೇ ಹೊರತು ಮೆಗಾಪಾಸ್ಕಲ್ ಅಲ್ಲ. ಆ ಬಣ್ಣದಿಂದ ಸಂಖ್ಯೆಗೆ ಹಿಂದಿರುಗುವ ದಾರಿ ಮುಚ್ಚಿಹೋಗಿರುತ್ತದೆ.

ನೋಡ್‌ಗಳ ಸರದಿ

ಪರಿವರ್ತಕ ಬರೆಯಲು ಕುಳಿತವರು ಎದುರಿಸುವ ಮೊದಲ ಪ್ರಶ್ನೆ ಎಣಿಕೆಯದು. ಬಹುಪಾಲು ಸಾಲ್ವರ್‌ಗಳು ನೋಡ್‌ಗಳನ್ನು 1ರಿಂದ ಎಣಿಸುತ್ತವೆ, ನಡುವೆ ಸಂಖ್ಯೆಗಳು ಬಿಟ್ಟುಹೋಗಿದ್ದರೂ ಅವಕ್ಕೆ ಅಡ್ಡಿಯಿಲ್ಲ. ವಿಟಿಕೆಗೆ ನೋಡ್‌ನ ಹೆಸರೆಂದರೆ ಪಟ್ಟಿಯಲ್ಲಿ ಅದರ ಸ್ಥಾನ ಅಷ್ಟೇ, ಅದೂ 0ಯಿಂದ ಶುರು. ಆದ್ದರಿಂದ ಪ್ರತಿ ಸಂಖ್ಯೆಯಿಂದ 1ನ್ನು ಕಳೆದರೆ ಸಾಕು ಎಂಬ ಉಪಾಯ ಬಿಡುವಿಲ್ಲದ ಎಣಿಕೆ ಇರುವವರೆಗೆ ಮಾತ್ರ ನಡೆಯುತ್ತದೆ. ಹಳೆಯ ಸಂಖ್ಯೆಯಿಂದ ಹೊಸ ಸ್ಥಾನಕ್ಕೆ ಒಂದು ನಕ್ಷೆಯನ್ನು ಕಟ್ಟಿಕೊಳ್ಳುವುದೇ ಸರಿಯಾದ ಕ್ರಮ.

ಅದಕ್ಕಿಂತ ಸೂಕ್ಷ್ಮವಾದದ್ದು ಒಂದು ಎಲಿಮೆಂಟ್‌ನೊಳಗಿನ ಸರದಿ. 20 ನೋಡ್‌ಗಳ ಇಟ್ಟಿಗೆಯಾಕಾರದ ಎಲಿಮೆಂಟ್‌ನಲ್ಲಿ ಮೂಲೆಗಳಿಗೆ 8, ಅಂಚುಗಳ ನಡುಬಿಂದುಗಳಿಗೆ 12 ನೋಡ್‌ಗಳು. ವಿಟಿಕೆಯಲ್ಲಿ ಮೂಲೆಗಳಾದ ಮೇಲೆ ಕೆಳಮುಖದ ನಾಲ್ಕು ಅಂಚುಗಳು, ಆಮೇಲೆ ಮೇಲ್ಮುಖದ ನಾಲ್ಕು, ಕೊನೆಗೆ ಲಂಬವಾದ ನಾಲ್ಕು ಬರುತ್ತವೆ. ಅಬಾಕಸ್ ಎಂಬ ಸಾಲ್ವರ್‌ನದೂ ಇದೇ ಸರದಿ. ನಾಸ್ಟ್ರಾನ್ ಮತ್ತು ಎಕ್ಸೋಡಸ್‌ಗಳಲ್ಲಿ ಕೆಳಮುಖದ ನಂತರ ಲಂಬ ಅಂಚುಗಳು ಬಂದು, ಮೇಲ್ಮುಖದ್ದು ಕೊನೆಗೆ ಬರುತ್ತದೆ. ಹತ್ತು ನೋಡ್‌ಗಳ ಚತುಷ್ಫಲಕದಲ್ಲಿ, ಜಾಲರಿ ತಯಾರಿಸುವ ತಂತ್ರಾಂಶವಾದ ಜಿಮೆಶ್‌ಗೂ ವಿಟಿಕೆಗೂ ಇರುವ ವ್ಯತ್ಯಾಸ ಕೊನೆಯ ಎರಡು ನೋಡ್‌ಗಳ ಅದಲುಬದಲು ಮಾತ್ರ. ಇಂಥ ತಪ್ಪು ನುಸುಳಿದಾಗ ಎಲಿಮೆಂಟ್‌ಗಳ ಮೈ ಸುಕ್ಕುಗಟ್ಟಿದಂತೆ, ಮುಳ್ಳೆದ್ದಂತೆ ಕಾಣುತ್ತದೆ, ಅದು ನಮ್ಮ ಭಾಗ್ಯ. ಆದರೆ ನಡುಬಿಂದುಗಳನ್ನು ಕಡೆಗಣಿಸಿ ಚಪ್ಪಟೆ ಮುಖಗಳನ್ನಷ್ಟೇ ಬಿಡಿಸುವ ಸೆಟ್ಟಿಂಗ್ ಇದ್ದರೆ ಅದೂ ಕಾಣುವುದಿಲ್ಲ.

ಸ್ಟ್ರೆಸ್‌ನ ಆರು ಘಟಕಗಳು

ಎಲ್ಲ ರೂಢಿಗಳಿಗಿಂತ ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಬಿಂದುವಿನ ಸ್ಟ್ರೆಸ್‌ಗೆ ಆರು ಸ್ವತಂತ್ರ ಘಟಕಗಳಿವೆ: ಮೂರು ನೇರ ಘಟಕಗಳು (ಎಳೆತ ಅಥವಾ ಅದುಮುವಿಕೆ), ಮೂರು ಶಿಯರ್ ಘಟಕಗಳು (ಪದರಗಳನ್ನು ಒಂದರ ಮೇಲೊಂದು ಜಾರಿಸುವಂಥವು). ಕಡತದಲ್ಲಿ ಅವು ಆರು ಸಂಖ್ಯೆಗಳ ಒಂದು ಸಾಲು ಮಾತ್ರ. ವಿಟಿಕೆ ಆ ಸಾಲನ್ನು ಎಕ್ಸ್‌ಎಕ್ಸ್, ವೈವೈ, ಝಡ್‌ಝಡ್, ಎಕ್ಸ್‌ವೈ, ವೈಝಡ್, ಎಕ್ಸ್‌ಝಡ್ ಎಂದು ಓದುತ್ತದೆ. ಅಬಾಕಸ್‌ನಲ್ಲಿ ಶಿಯರ್‌ನ ಸರದಿ ಎಕ್ಸ್‌ವೈ, ಎಕ್ಸ್‌ಝಡ್, ವೈಝಡ್. ಓಪನ್‌ಫೋಮ್ ಎಕ್ಸ್‌ಎಕ್ಸ್, ಎಕ್ಸ್‌ವೈ, ಎಕ್ಸ್‌ಝಡ್, ವೈವೈ, ವೈಝಡ್, ಝಡ್‌ಝಡ್ ಎಂದು ಬರೆಯುತ್ತದೆ. ಯಂತ್ರಶಾಸ್ತ್ರದ ಪುಸ್ತಕಗಳಲ್ಲಿ ಕಾಣುವ ವೊಯ್ಟ್ ಕ್ರಮವಂತೂ ವೈಝಡ್, ಎಕ್ಸ್‌ಝಡ್, ಎಕ್ಸ್‌ವೈ.

ಅಬಾಕಸ್‌ನ ಸಾಲನ್ನು ಹಾಗೆಯೇ ವಿಟಿಕೆಗೆ ಕೊಟ್ಟರೆ ಕೊನೆಯ ಎರಡು ಶಿಯರ್‌ಗಳು ತಮ್ಮ ಜಾಗವನ್ನು ಬದಲಿಸಿಕೊಳ್ಳುತ್ತವೆ. ಪರಿಶೀಲನೆಗೆಂದು ಹೆಚ್ಚಿನವರು ಮಾಡುವ ಕೆಲಸ ವಾನ್ ಮಿಸೆಸ್ ಸ್ಟ್ರೆಸ್ ಅನ್ನು (ಆರೂ ಘಟಕಗಳನ್ನು ಒಂದೇ ಸಂಖ್ಯೆಗೆ ಇಳಿಸುವ ಅಳತೆ) ಎರಡೂ ಕಡೆ ಲೆಕ್ಕಹಾಕಿ ಹೋಲಿಸಿ ನೋಡುವುದು. ಆ ಹೋಲಿಕೆ ಇಲ್ಲಿ ಕೈಕೊಡುತ್ತದೆ, ಏಕೆಂದರೆ ವಾನ್ ಮಿಸೆಸ್ ಸೂತ್ರದಲ್ಲಿ ಮೂರು ಶಿಯರ್‌ಗಳ ವರ್ಗಗಳು ಸುಮ್ಮನೆ ಕೂಡಿಕೊಳ್ಳುತ್ತವೆ. ಅವುಗಳಲ್ಲಿ ಎರಡು ಪರಸ್ಪರ ಸ್ಥಾನ ಬದಲಿಸಿಕೊಂಡರೂ ಮೊತ್ತ ಅಷ್ಟೇ ಇರುತ್ತದೆ. ಎರಡೂ ತಂತ್ರಾಂಶಗಳು ದಶಾಂಶದ ಕೊನೆಯ ಅಂಕಿಯವರೆಗೆ ಒಂದೇ ಉತ್ತರ ಕೊಡುತ್ತವೆ, ನಾವು ನೆಮ್ಮದಿಯಿಂದ ಮುಂದುವರಿಯುತ್ತೇವೆ. ಆದರೆ ಪ್ರಧಾನ ಸ್ಟ್ರೆಸ್‌ಗಳ (ಶಿಯರ್ ಸೊನ್ನೆಯಾಗುವ ದಿಕ್ಕುಗಳಲ್ಲಿನ ನೇರ ಸ್ಟ್ರೆಸ್‌ಗಳ) ಬೆಲೆಯೂ ದಿಕ್ಕೂ ಬದಲಾಗಿರುತ್ತವೆ. ಬಿರುಕು ಯಾವ ದಿಕ್ಕಿನಲ್ಲಿ ಹರಡೀತು, ಕಾಂಕ್ರೀಟಿನಲ್ಲಿ ಎಳೆತ ಎಲ್ಲಿದೆ, ನಾರುಗಳ ಸಂಯುಕ್ತ ವಸ್ತುವಿನಲ್ಲಿ ಎಳೆಗಳನ್ನು ಯಾವ ಕಡೆಗೆ ಹಾಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ನಿಂತಿರುವುದು ಆ ದಿಕ್ಕುಗಳ ಮೇಲೆ.

ನಮ್ಮ ತೊಲೆ ಇದನ್ನು ಹಿಡಿದುಕೊಡಬಲ್ಲದು. ಅದರ ಉದ್ದ ಎಕ್ಸ್ ದಿಕ್ಕಿಗೆ, ಭಾರ ಝಡ್ ದಿಕ್ಕಿಗೆ ಇದ್ದರೆ, ಅಡ್ಡಕೊಯ್ತದ ನಡುವೆ ಎಕ್ಸ್‌ಝಡ್ ಶಿಯರ್ ಸುಮಾರು 0.6 ಮೆಗಾಪಾಸ್ಕಲ್ ಇರಬೇಕು, ವೈಝಡ್ ಶಿಯರ್ ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು. ಆ 0.6 ವೈಝಡ್‌ನಲ್ಲಿ ಕಂಡುಬಂದರೆ ಸರದಿ ತಪ್ಪಿದೆ ಎಂದೇ ಅರ್ಥ. ಸ್ಟ್ರೇನ್ (ವಸ್ತು ಎಷ್ಟು ಪಾಲು ವಿರೂಪಗೊಂಡಿತು ಎಂಬ ಅಳತೆ) ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು: ಕೆಲವು ಸಾಲ್ವರ್‌ಗಳು ಬರೆಯುವ ಎಂಜಿನಿಯರಿಂಗ್ ಶಿಯರ್ ಸ್ಟ್ರೇನ್, ಟೆನ್ಸರ್ ಘಟಕದ ಎರಡರಷ್ಟಿರುತ್ತದೆ, ಅದನ್ನು ಅರ್ಧಕ್ಕೆ ಇಳಿಸದೆ ಪ್ರಧಾನ ಸ್ಟ್ರೇನ್ ಲೆಕ್ಕಹಾಕಿದರೆ ಬರುವ ಉತ್ತರಕ್ಕೆ ಯಾವ ಅರ್ಥವೂ ಇರುವುದಿಲ್ಲ.

ಬೆಲೆ ಎಲ್ಲಿ ಕುಳಿತಿದೆ

ಓಪನ್‌ಫೋಮ್‌ನಂಥ ಹರಿವಿನ ಸಾಲ್ವರ್ ಒತ್ತಡವನ್ನೂ ವೇಗವನ್ನೂ ಪ್ರತಿ ಕೋಶದ (ಹರಿವಿನ ಜಾಲರಿಯ ಒಂದೊಂದು ತುಂಡಿನ) ಕೇಂದ್ರಕ್ಕೆ ಲೆಕ್ಕಹಾಕುತ್ತದೆ. ಫೈನೈಟ್ ಎಲಿಮೆಂಟ್ ಸಾಲ್ವರ್ ಸ್ಥಾನಪಲ್ಲಟವನ್ನು ನೋಡ್‌ಗಳಲ್ಲಿ, ಸ್ಟ್ರೆಸ್ ಅನ್ನು ಎಲಿಮೆಂಟ್‌ನೊಳಗಿನ ಗೌಸ್ ಬಿಂದುಗಳು ಎಂಬ ನಿಗದಿತ ಜಾಗಗಳಲ್ಲಿ ಲೆಕ್ಕಹಾಕುತ್ತದೆ. ದೃಶ್ಯೀಕರಣ ತಂತ್ರಾಂಶಕ್ಕೆ ಸಾಮಾನ್ಯವಾಗಿ ಗೊತ್ತಿರುವುದು ಎರಡೇ ಜಾಗ: ಬಿಂದು ಮತ್ತು ಕೋಶ. ಆದ್ದರಿಂದ ಗೌಸ್ ಬಿಂದುಗಳಲ್ಲಿದ್ದ ಸ್ಟ್ರೆಸ್ ಅನ್ನು ಯಾರಾದರೂ ನೋಡ್‌ಗಳವರೆಗೆ ಚಾಚಿ, ಒಂದೇ ನೋಡ್‌ಗೆ ಸುತ್ತಲಿನ ಎಲಿಮೆಂಟ್‌ಗಳಿಂದ ಬಂದ ಬೇರೆ ಬೇರೆ ಬೆಲೆಗಳನ್ನು ಸರಾಸರಿ ಮಾಡಿರಲೇಬೇಕು. ಅದನ್ನು ಮಾಡಿದ್ದು ಸಾಲ್ವರೋ, ಪರಿವರ್ತಕವೋ, ದೃಶ್ಯೀಕರಣ ತಂತ್ರಾಂಶವೋ ಎಂದು ತಿಳಿದಿರಬೇಕು.

ಸರಾಸರಿ ಎಲ್ಲಿ ಕೆಡುಕು ಮಾಡುತ್ತದೆ ಎಂಬುದಕ್ಕೆ ಉಕ್ಕು ಮತ್ತು ಅಲ್ಯೂಮಿನಿಯಂ ಪಟ್ಟಿಗಳನ್ನು ಅಕ್ಕಪಕ್ಕ ಬೆಸೆದು ಎಳೆದ ಉದಾಹರಣೆಯನ್ನು ನೋಡಿ. ಎರಡೂ ಸಾವಿರದಲ್ಲಿ ಒಂದು ಪಾಲು ಹಿಗ್ಗಿದವು ಎಂದುಕೊಂಡರೆ ಉಕ್ಕಿನಲ್ಲಿ 200 ಮೆಗಾಪಾಸ್ಕಲ್, ಅಲ್ಯೂಮಿನಿಯಂನಲ್ಲಿ 70 ಮೆಗಾಪಾಸ್ಕಲ್ ಸ್ಟ್ರೆಸ್ ಇರುತ್ತದೆ. ಇವೆರಡರ ನಡುವಿನ ಗಡಿಯ ನೋಡ್‌ನಲ್ಲಿ ಸರಾಸರಿ ಮಾಡಿದರೆ ಸಿಗುವ ಬೆಲೆ 135. ಆ ಸ್ಟ್ರೆಸ್ ಉಕ್ಕಿನಲ್ಲೂ ಇಲ್ಲ, ಅಲ್ಯೂಮಿನಿಯಂನಲ್ಲೂ ಇಲ್ಲ. ಆದರೂ ಗಡಿಯುದ್ದಕ್ಕೂ ಬಣ್ಣ ಮೆತ್ತಗೆ ಬದಲಾಗುತ್ತಾ ಹೋಗಿ, ಚಿತ್ರ ಮೊದಲಿಗಿಂತ ನಯವಾಗಿ ಕಾಣುತ್ತದೆ. ವಸ್ತುಗಳ ಗಡಿ ಇರುವಲ್ಲಿ ಪ್ರತಿ ವಸ್ತುವನ್ನೂ ಬೇರೆ ಬ್ಲಾಕ್ ಆಗಿ ತಂದು, ಗಡಿಯ ನೋಡ್‌ಗಳನ್ನು ಎರಡಾಗಿಸಿಯೇ ಇಡಬೇಕು.

ಓಪನ್‌ಫೋಮ್‌ನ ಫೋಲ್ಡರ್ ಓದುವಾಗಲೂ ಪ್ಯಾರಾವ್ಯೂ ಕೋಶದ ಬೆಲೆಗಳಿಂದ ಬಿಂದುಗಳ ಬೆಲೆಗಳನ್ನು ತಾನೇ ತಯಾರಿಸಿ ಕೊಡಬಲ್ಲದು, ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಒತ್ತಡಗಳು ಆಗ ಕಾಣುತ್ತವೆ. ಗೋಡೆಯ ಮೇಲಿನ ಒತ್ತಡ ಬೇಕಾದವರು ಒಳಗಿನ ಜಾಲರಿಯನ್ನು ಕತ್ತರಿಸಿ ಅಳೆಯುವ ಬದಲು ಗೋಡೆಯ ಪ್ಯಾಚ್ ಅನ್ನೇ (ಜಾಲರಿಯಲ್ಲಿ ಗೋಡೆಯೆಂದು ಹೆಸರಿಟ್ಟ ಗಡಿಯ ಮೈಯನ್ನೇ) ಆರಿಸಿಕೊಂಡು ಅದರ ಮೇಲಿನ ಕೋಶದ ಬೆಲೆಯನ್ನು ತೆಗೆದುಕೊಳ್ಳಬೇಕು. ಸಾಲ್ವರ್ ಬಳಸಿದ ಗಡಿಯ ಬೆಲೆ ಇರುವುದು ಅಲ್ಲಿ.

ಮಾನಗಳು

ಫೈನೈಟ್ ಎಲಿಮೆಂಟ್ ಸಾಲ್ವರ್‌ಗಳಲ್ಲಿ ಬಹುತೇಕವು ಮಾನಗಳನ್ನು ಕೇಳುವುದೇ ಇಲ್ಲ. ಮಿಲಿಮೀಟರ್, ನ್ಯೂಟನ್, ಟನ್, ಸೆಕೆಂಡ್ ಎಂಬ ಕೂಟದಲ್ಲಿ ಕೊಟ್ಟರೆ ಸ್ಟ್ರೆಸ್ ಮೆಗಾಪಾಸ್ಕಲ್‌ನಲ್ಲಿ ಬರುತ್ತದೆ, ಆಗ ಉಕ್ಕಿನ ಸಾಂದ್ರತೆಯನ್ನು 0.00000000785 ಎಂದು ಬರೆದಿರಬೇಕು; ಮೀಟರ್, ಕಿಲೋಗ್ರಾಂ ಕೂಟದಲ್ಲಿ ಕೊಟ್ಟರೆ ಸಾಂದ್ರತೆ 7,850, ಸ್ಟ್ರೆಸ್ ಪಾಸ್ಕಲ್‌ನಲ್ಲಿ. ನಮ್ಮ ತೊಲೆಯ ನಡುವಿನ ಸ್ಟ್ರೆಸ್ ಮೊದಲ ಕೂಟದಲ್ಲಿ 24 ಎಂದೂ ಎರಡನೆಯದರಲ್ಲಿ 2,40,00,000 ಎಂದೂ ಕಾಣುತ್ತದೆ. ಇಷ್ಟು ದೊಡ್ಡ ಅಂತರವನ್ನು ಯಾರಾದರೂ ಗಮನಿಸುತ್ತಾರೆ.

ಗಮನಕ್ಕೆ ಬಾರದೆ ದಾಟಿಬಿಡುವುದು ಓಪನ್‌ಫೋಮ್‌ನ ಒತ್ತಡ. ಸಂಕೋಚನವಿಲ್ಲದ ಹರಿವಿನ ಲೆಕ್ಕಗಳಲ್ಲಿ ಅದು ಬರೆಯುವ ಒತ್ತಡ ನಿಜವಾದ ಒತ್ತಡವಲ್ಲ; ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿದ ಬೆಲೆ, ಅದರ ಮಾನ ಚದರ ಮೀಟರ್ ಪ್ರತಿ ಚದರ ಸೆಕೆಂಡ್. ತೆರೆಯ ಮೇಲೆ 5 ಎಂದು ಕಂಡರೆ ನೀರಿನಲ್ಲಿ ಅದು 5,000 ಪಾಸ್ಕಲ್. ಗಾಳಿಯ ಸಾಂದ್ರತೆಯನ್ನು 1.2 ಎಂದು ಹಿಡಿದರೆ 6 ಪಾಸ್ಕಲ್ ಮಾತ್ರ. ಗಾಳಿಯ ವಿಷಯದಲ್ಲಿ 5ಕ್ಕೂ 6ಕ್ಕೂ ಇರುವ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಕಾರಿನ ಮೇಲಿನ ಬಲವನ್ನು ಶೇಕಡಾ 17ರಷ್ಟು ಕಡಿಮೆ ಲೆಕ್ಕಹಾಕಿಯೂ ಸಂಶಯ ಬಾರದೆ ಇರುವುದು ಸಾಧ್ಯ. ಓಪನ್‌ಫೋಮ್ ತನ್ನ ಪ್ರತಿ ಕ್ಷೇತ್ರದ ಫೈಲ್‌ನ ತಲೆಯಲ್ಲಿ ಏಳು ಸಂಖ್ಯೆಗಳ ಒಂದು ಸಾಲಿನಲ್ಲಿ ಮಾನವನ್ನು ಪ್ರಾಮಾಣಿಕವಾಗಿ ಬರೆದಿಟ್ಟಿರುತ್ತದೆ: 0 2 -2 0 0 0 0 ಎಂದರೆ ದ್ರವ್ಯರಾಶಿ ಇಲ್ಲ, ಉದ್ದ ಎರಡನೆಯ ಘಾತ, ಕಾಲ ಮೈನಸ್ ಎರಡನೆಯ ಘಾತ. ಅದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿದವರಿಗೆ ಮಾತ್ರ ಆ ಸಾಲು ಸಿಗುತ್ತದೆ; ಬಣ್ಣದ ಪಟ್ಟಿಯ ಪಕ್ಕದಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ.

ಸ್ಥಾನಪಲ್ಲಟ ಮತ್ತು ಕಾಲ

ತೊಲೆ ಬಾಗಿದ್ದನ್ನು ತೋರಿಸಲು ಪ್ಯಾರಾವ್ಯೂನಲ್ಲಿ ವಾರ್ಪ್ ಬೈ ವೆಕ್ಟರ್ ಎಂಬ ಫಿಲ್ಟರ್ ಇದೆ, ಅದು ಪ್ರತಿ ಬಿಂದುವನ್ನೂ ಅದರ ಸ್ಥಾನಪಲ್ಲಟದಷ್ಟು ಸರಿಸುತ್ತದೆ. ಆದರೆ ಎಲ್‌ಎಸ್-ಡೈನಾ ತನ್ನ ಫಲಿತಾಂಶದಲ್ಲಿ ಬರೆಯುವುದೇ ಬಾಗಿದ ಮೇಲಿನ ನಿರ್ದೇಶಾಂಕಗಳನ್ನು. ಎಕ್ಸೋಡಸ್ ರೀಡರ್ ಕೂಡ ಸ್ಥಾನಪಲ್ಲಟವನ್ನು ತಾನೇ ಅನ್ವಯಿಸುವ ಸೆಟ್ಟಿಂಗ್ ಹೊಂದಿದೆ. ಈಗಾಗಲೇ ಸರಿದಿರುವ ಬಿಂದುಗಳನ್ನು ಫಿಲ್ಟರ್ ಹಾಕಿ ಮತ್ತೆ ಸರಿಸಿದರೆ 3.2 ಇದ್ದದ್ದು 6.4 ಆಗುತ್ತದೆ. ಇಂಥ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಬಿಡಿಭಾಗ ಪಕ್ಕದ ಕವಚಕ್ಕೆ ತಾಗುತ್ತದೆಂದು ಇಡೀ ಒಂದು ಮಧ್ಯಾಹ್ನ ಚರ್ಚೆ ನಡೆಸಿದ ಗುಂಪಿನಲ್ಲಿ ನಾನೂ ಇದ್ದೆ. ಅಳೆದು ನೋಡಲು ಬೇಕಾಗಿದ್ದದ್ದು ಎರಡು ನಿಮಿಷ.

ಕಾಲದ ವಿಷಯವೂ ಸುಲಭವಾಗಿ ಕೆಡುತ್ತದೆ. ಹೆಸರಿನ ಕೊನೆಗೆ ಸಂಖ್ಯೆ ಇರುವ ವಿಟಿಕೆ ಫೈಲ್‌ಗಳ ಸಾಲನ್ನು ಪ್ಯಾರಾವ್ಯೂ ಒಂದು ಸರಣಿ ಎಂದು ಗುರುತಿಸುತ್ತದೆ, ಆದರೆ ಫೈಲ್‌ಗಳಲ್ಲಿ ಕಾಲವನ್ನು ಬರೆದಿಲ್ಲದಿದ್ದರೆ ಅವುಗಳಿಗೆ 0, 1, 2 ಎಂದು ಸರದಿಯ ಸಂಖ್ಯೆಯನ್ನೇ ಕಾಲವಾಗಿ ಕೊಡುತ್ತದೆ. 10 ಸೆಂಟಿಮೀಟರ್ ವ್ಯಾಸದ ಕಂಬದ ಸುತ್ತ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನೀರು ಹರಿಯುವಾಗ ಸುಳಿಗಳು ಸೆಕೆಂಡಿಗೆ ಸುಮಾರು ಎರಡು ಆವರ್ತದಂತೆ ಕಳಚಿಕೊಳ್ಳುತ್ತವೆ. ಪ್ರತಿ 0.05 ಸೆಕೆಂಡಿಗೆ ಒಂದು ಫೈಲ್ ಬರೆದಿದ್ದರೆ ಒಂದು ಆವರ್ತಕ್ಕೆ ಹತ್ತು ಫೈಲ್‌ಗಳಾದವು. ಸರದಿಯ ಸಂಖ್ಯೆಯೇ ಕಾಲ ಎಂದು ನಂಬಿದರೆ ಆವೃತ್ತಿ 2ರ ಬದಲು 0.1 ಎಂದು ಸಿಗುತ್ತದೆ. ಚಲನಚಿತ್ರ ಮಾತ್ರ ಕಣ್ಣಿಗೆ ಒಂದೇ ತೆರನಾಗಿ ಓಡುತ್ತದೆ. ಯಾವ ಫೈಲ್ ಯಾವ ಕ್ಷಣದ್ದು ಎಂದು ತಿಳಿಸುವ ಒಂದು ಪುಟ್ಟ ಪಿವಿಡಿ ಫೈಲ್ ಅನ್ನು ಜೊತೆಗೆ ಬರೆದಿಟ್ಟರೆ ಈ ತೊಂದರೆ ಪೂರ್ತಿಯಾಗಿ ನೀಗುತ್ತದೆ. ಹೆಸರುಗಳಲ್ಲಿ 1, 2, 10 ಎಂದು ಬರೆಯುವ ಬದಲು 0001, 0002, 0010 ಎಂದು ಬರೆಯುವ ಅಭ್ಯಾಸವೂ ಒಳ್ಳೆಯದು.

ಬೈಟ್‌ಗಳು ಮತ್ತು ನಿಖರತೆ

ಬೈನರಿ ಫೈಲ್‌ನಲ್ಲಿ ಒಂದು ಸಂಖ್ಯೆಯ ಬೈಟ್‌ಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆಯಬಹುದು, ಸಣ್ಣದರಿಂದ ದೊಡ್ಡದಕ್ಕೂ ಬರೆಯಬಹುದು. ನಾವು ಬಳಸುವ ಸಾಮಾನ್ಯ ಕಂಪ್ಯೂಟರ್‌ಗಳದ್ದು ಎರಡನೆಯ ಕ್ರಮ. ಹಳೆಯ ಮಾದರಿಯ ವಿಟಿಕೆ ಬೈನರಿ ಫೈಲ್ ಬಯಸುವುದು ಮೊದಲನೆಯದನ್ನು. ನಾಲ್ಕು ಬೈಟ್‌ಗಳ 1.0 ಎಂಬ ಸಂಖ್ಯೆಯನ್ನು ತಿರುಗುಮುರುಗಾಗಿ ಓದಿದರೆ ಸೊನ್ನೆಗೆ ಅಂಟಿಕೊಂಡಂಥ ಅತಿ ಸೂಕ್ಷ್ಮ ಸಂಖ್ಯೆಯೊಂದು ಸಿಗುತ್ತದೆ. ಜಾಲರಿಯೆಲ್ಲ ಒಂದು ಬಿಂದುವಿಗೆ ಕುಸಿದಂತೆಯೋ ಆಕಾಶಕ್ಕೆ ಚಿಮ್ಮಿದಂತೆಯೋ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಫೋರ್ಟ್ರಾನ್‌ನಲ್ಲಿ ಬರೆದ ಸಾಲ್ವರ್‌ಗಳಾದರೆ ಪ್ರತಿ ದಾಖಲೆಯ ಹಿಂದೆ ಮುಂದೆ ಅದರ ಉದ್ದವನ್ನು ಸೂಚಿಸುವ, ಸಾಮಾನ್ಯವಾಗಿ ನಾಲ್ಕು ಬೈಟ್‌ಗಳ, ಗುರುತುಗಳನ್ನೂ ಸೇರಿಸಿರುತ್ತವೆ. ಅವನ್ನು ದಾಟಿ ಓದದಿದ್ದರೆ ಎಲ್ಲ ಸಂಖ್ಯೆಗಳೂ ಒಂದೊಂದು ಹೆಜ್ಜೆ ಸರಿದುಹೋಗುತ್ತವೆ.

ನಿಖರತೆಯ ತೊಂದರೆ ಹೆಚ್ಚು ಕಾಡುವುದು ಸಿವಿಲ್ ಎಂಜಿನಿಯರ್‌ಗಳನ್ನು. ಬೆಂಗಳೂರಿನ ಸುರಂಗವೊಂದರ ಮಾದರಿಯನ್ನು ಸರ್ವೆಯ ಯುಟಿಎಂ ನಿರ್ದೇಶಾಂಕಗಳಲ್ಲೇ (ಭೂಮಿಯ ಮೇಲಿನ ಸ್ಥಾನವನ್ನು ಮೀಟರ್‌ಗಳಲ್ಲಿ ಹೇಳುವ ಪದ್ಧತಿ) ಕಟ್ಟಿದರೆ ಉತ್ತರ ದಿಕ್ಕಿನ ಅಳತೆ ಸಮಭಾಜಕದಿಂದ ಸುಮಾರು 14 ಲಕ್ಷ ಮೀಟರ್ ಇರುತ್ತದೆ. ನಾಲ್ಕು ಬೈಟ್‌ಗಳ ಸಂಖ್ಯೆಗೆ ಸುಮಾರು ಏಳು ಅಂಕಿಗಳ ನಿಖರತೆ ಮಾತ್ರ ಇರುವುದರಿಂದ, ಅಷ್ಟು ದೊಡ್ಡ ಬೆಲೆಯ ಬಳಿ ಅದು ಗುರುತಿಸಬಲ್ಲ ಅತಿ ಸಣ್ಣ ಹೆಜ್ಜೆ 12.5 ಸೆಂಟಿಮೀಟರ್. ಸಾಲ್ವರ್ ಎಂಟು ಬೈಟ್‌ಗಳಲ್ಲಿ ಕರಾರುವಾಕ್ಕಾಗಿ ಲೆಕ್ಕಹಾಕಿದ ಸುರಂಗದ ಗೋಡೆ, ಜಾಗ ಉಳಿಸಲೆಂದು ನಾಲ್ಕು ಬೈಟ್‌ಗಳಿಗೆ ಇಳಿಸಿದ ಕೂಡಲೇ ಮೆಟ್ಟಿಲು ಮೆಟ್ಟಿಲಾಗುತ್ತದೆ, ಮಿಲಿಮೀಟರ್‌ಗಳಲ್ಲಿ ಇರುವ ನೆಲದ ಕುಸಿತ ಅದರಲ್ಲಿ ಪೂರ್ತಿ ಮುಳುಗಿಹೋಗುತ್ತದೆ. ಪರಿವರ್ತಿಸುವ ಮೊದಲೇ ಸ್ಥಳೀಯ ಮೂಲಬಿಂದುವೊಂದನ್ನು ಆರಿಸಿ ಎಲ್ಲ ನಿರ್ದೇಶಾಂಕಗಳಿಂದ ಅದನ್ನು ಕಳೆದು, ಕಳೆದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಇದಕ್ಕೆ ಪರಿಹಾರ.

ಗಾತ್ರದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಒಂದು ಕೋಟಿ ಕೋಶಗಳ ಹರಿವಿನ ಮಾದರಿಯಲ್ಲಿ ವೇಗದ ಮೂರು ಘಟಕಗಳೂ ಒತ್ತಡವೂ ಸೇರಿ, ಎಂಟು ಬೈಟ್‌ಗಳಂತೆ, ಪ್ರತಿ ಹಂತಕ್ಕೆ 320 ಮೆಗಾಬೈಟ್ ಬೇಕು. 500 ಹಂತಗಳಿಗೆ 160 ಗಿಗಾಬೈಟ್. ಎಲ್ಲವನ್ನೂ ಅಕ್ಷರರೂಪದ ಫೈಲ್‌ಗಳಿಗೆ ಪರಿವರ್ತಿಸಿದರೆ ಅದು ಇನ್ನೂ ಹಿಗ್ಗುತ್ತದೆ. ಇಂಥ ಲೆಕ್ಕಗಳನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿದಾಗ ತುಂಡುಗಳ ಅಂಚಿನಲ್ಲಿ ನಕಲು ಕೋಶಗಳನ್ನು ಬರೆಯುವ ಸಾಲ್ವರ್‌ಗಳಿವೆ. ಆ ಕೋಶಗಳು ನಕಲು ಎಂಬ ಗುರುತು ಆಮದಿನಲ್ಲಿ ಕಳೆದುಹೋದರೆ ಅವು ಎರಡೆರಡು ಸಲ ಎಣಿಕೆಯಾಗಿ, ಒಟ್ಟು ಗಾತ್ರವೂ ಒಟ್ಟು ಹರಿವೂ ಹೆಚ್ಚಾಗಿ ಕಾಣುತ್ತವೆ.

ಮತ್ತೆ ತೊಲೆಗೆ

ಹೊಸ ಸಾಲ್ವರ್, ಹೊಸ ಪರಿವರ್ತಕ ಅಥವಾ ಯಾವುದಾದರೊಂದರ ಹೊಸ ಆವೃತ್ತಿ ಬಂದಾಗಲೆಲ್ಲ ದೊಡ್ಡ ಮಾದರಿಯನ್ನು ಮುಟ್ಟುವ ಮೊದಲು ಈ ತೊಲೆಯನ್ನು ಅದೇ ದಾರಿಯಲ್ಲಿ ಒಮ್ಮೆ ದಾಟಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಲೇಖನದ ಆರಂಭದಲ್ಲಿ ವರ್ಣಿಸಿದ ತೊಲೆ ಪರೀಕ್ಷೆಗೆ ಸ್ವಲ್ಪ ಅತಿಯಾಗಿ ಅಚ್ಚುಕಟ್ಟಾಗಿದೆ. ಚೌಕದ ಅಡ್ಡಕೊಯ್ತಕ್ಕೆ ಒಂದೇ ದಿಕ್ಕಿನ ಭಾರ ಹಾಕಿದರೆ ವೈ ಮತ್ತು ಝಡ್ ಅಕ್ಷಗಳು ಅದಲುಬದಲಾದದ್ದು ಬಣ್ಣದ ವಿನ್ಯಾಸದಲ್ಲಿ ಕಣ್ಣಿಗೆ ಬೀಳದಿರಬಹುದು. ಆದ್ದರಿಂದ ತುದಿಗೆ ಝಡ್ ದಿಕ್ಕಿನಲ್ಲಿ ಕೆಳಮುಖವಾಗಿ 1,000 ನ್ಯೂಟನ್ ಹಾಕಿ, ಜೊತೆಗೆ ವೈ ದಿಕ್ಕಿನಲ್ಲಿ ಪಕ್ಕಕ್ಕೆ 300 ನ್ಯೂಟನ್ ಎಳೆಯಿರಿ. ತುದಿ ಈಗ ಕೆಳಕ್ಕೆ 3.2, ಪಕ್ಕಕ್ಕೆ 0.96 ಮಿಲಿಮೀಟರ್ ಸರಿಯಬೇಕು. ನಡುವಿನ ಅಡ್ಡಕೊಯ್ತದ ನಾಲ್ಕು ಮೂಲೆಗಳಲ್ಲಿ ಉದ್ದದ ದಿಕ್ಕಿನ ಸ್ಟ್ರೆಸ್ 31.2, 16.8, -16.8, -31.2 ಮೆಗಾಪಾಸ್ಕಲ್ ಎಂದು ನಾಲ್ಕು ಬೇರೆ ಬೇರೆ ಬೆಲೆಗಳಾಗಿ ಬರಬೇಕು, 31.2 ಇರುವ ಮೂಲೆ ಮೇಲ್ಭಾಗದಲ್ಲಿ, ಪಕ್ಕದ ಎಳೆತಕ್ಕೆ ವಿರುದ್ಧವಾದ ಬದಿಯಲ್ಲಿರಬೇಕು. ಶಿಯರ್ ಘಟಕಗಳಲ್ಲಿ ಎಕ್ಸ್‌ಝಡ್ ಸುಮಾರು 0.6, ಎಕ್ಸ್‌ವೈ ಸುಮಾರು 0.18, ವೈಝಡ್ ಹೆಚ್ಚುಕಡಿಮೆ ಸೊನ್ನೆ. ಚಿಹ್ನೆಗಳನ್ನು ಸಾಲ್ವರ್‌ನ ಸ್ವಂತ ಮುದ್ರಿತ ಪಟ್ಟಿಯೊಂದಿಗೆ ಹೋಲಿಸಿ ನೋಡಬಹುದು. ಎಲ್ಲ ಎಲಿಮೆಂಟ್‌ಗಳ ಒಟ್ಟು ಗಾತ್ರ 25,00,000 ಘನ ಮಿಲಿಮೀಟರ್ ಆಗದಿದ್ದರೆ ಜೋಡಣೆಯ ಪಟ್ಟಿಯಲ್ಲೋ ನಕಲು ಕೋಶಗಳಲ್ಲೋ ಏನೋ ತಪ್ಪಿದೆ.

ಅಳತೆಯನ್ನು ಗೋಡೆಯ ಬಳಿ ತೆಗೆದುಕೊಳ್ಳಬಾರದು ಎಂಬುದನ್ನು ಮರೆಯಬೇಡಿ. ಸೂತ್ರ ಅಲ್ಲಿ 48 ಮೆಗಾಪಾಸ್ಕಲ್ ಎಂದು ಹೇಳುತ್ತದೆ, ಆದರೆ ಪೂರ್ತಿ ಬಿಗಿದ ಮುಖದ ಅಂಚಿನಲ್ಲಿ ಜಾಲರಿಯನ್ನು ಸಣ್ಣದು ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಅಲ್ಲಿ ಕಾಣುವ ವ್ಯತ್ಯಾಸ ಆಮದಿನ ತಪ್ಪಲ್ಲ, ಮಾದರಿಯ ಸ್ವಭಾವ. ಅದಕ್ಕಾಗಿಯೇ ಮೊದಲ ಸಾಲುಗಳಲ್ಲಿ ನಾನು ಗೋಡೆಯ ಬಳಿಯ 48ನ್ನು ಬಿಟ್ಟು, ಅರ್ಧ ಮೀಟರ್ ದೂರದ 24ನ್ನು ಆರಿಸಿಕೊಂಡದ್ದು.